ನೀರನ್ನು ಅರಿಯುವ ಸ್ಫಟಿಕ

ತಿಳಿಯಾದ ನೀರೆಲ್ಲವೂ ಕುಡಿಯಲು ಯೋಗ್ಯವೆಂದು ನಾವು ಭಾವಿಸುತ್ತೇವೆ. ಆದರೆ ಕಣ್ಣಿಗೂ ನಾಲಿಗೆಗೂ ತಿಳಿಯದ ದೋಷ ನೀರಿನಲ್ಲಿ ಅಡಗಿರಬಹುದು. ಯಾದಗಿರಿ, ಶಹಾಪುರ ಮತ್ತು ಸುರಪುರಗಳ ಹಲವು ಕೊಳವೆಬಾವಿಗಳಲ್ಲಿ ಕಂಡುಬಂದಿರುವ ಫ್ಲೋರೈಡ್ ಅಂತಹುದು.

ಈ ಸೀಮೆಯ ನೆಲವು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದಾದುದು. ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಿತಿಮೀರಿದ ಫ್ಲೋರೈಡಿನಿಂದ ಬೆಳೆಯುವ ಮಕ್ಕಳ ಹಲ್ಲುಗಳ ಮೇಲೆ ಕಲೆಗಳು ಮೂಡುತ್ತವೆ. ವರ್ಷಾನುಗಟ್ಟಲೆ ಅದನ್ನೇ ಕುಡಿದವರ ಎಲುಬು ಕೀಲುಗಳು ಬಿಗಿಯುತ್ತವೆ. ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು. ಬೇರೆ ನೀರು ದೊರೆಯದಾಗ 1.5 ಮಿಲಿಗ್ರಾಂವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ.

ಇಷ್ಟು ಅಲ್ಪ ಪ್ರಮಾಣವನ್ನು ಅಳೆಯುವುದೆಂತು? 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಇದಕ್ಕೊಂದು ವಿದ್ಯುದ್ವಾರವನ್ನು ಪ್ರಕಟಿಸಿದರು. ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಸ್ಫಟಿಕವಿರುತ್ತದೆ. ಈ ಸ್ಫಟಿಕವು ವಿಶೇಷವಾಗಿ ಫ್ಲೋರೈಡ್ ಅಯಾನುಗಳಿಗೆ ಸ್ಪಂದಿಸುತ್ತದೆ. ಕೊಳವೆಯ ಒಳಗೆ ಗೊತ್ತಾದ ಸಾರತೆಯ ದ್ರಾವಣವಿದ್ದು, ಹೊರಗೆ ಪರೀಕ್ಷಿಸಬೇಕಾದ ನೀರಿರುತ್ತದೆ. ಎರಡರ ಸಾರತೆಯಲ್ಲಿರುವ ವ್ಯತ್ಯಾಸಕ್ಕೆ ಅನುಗುಣವಾಗಿ ಸ್ಫಟಿಕದಲ್ಲಿ ವಿದ್ಯುತ್ ವಿಭವವು ಉಂಟಾಗುತ್ತದೆ. ಇನ್ನೊಂದು ಸ್ಥಿರ ವಿದ್ಯುದ್ವಾರಕ್ಕೆ ಹೋಲಿಸಿ ಮೀಟರು ಅದನ್ನು ತೋರಿಸುತ್ತದೆ.

ಜರ್ಮನಿಯ ನೆರ್ನ್‌ಸ್ಟ್ ಕಂಡುಕೊಂಡ ನಿಯಮದಂತೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ಲೋರೈಡ್ ಹತ್ತು ಪಟ್ಟು ಹೆಚ್ಚಿದರೆ ವಿಭವವು ಸುಮಾರು 59 ಮಿಲಿವೋಲ್ಟ್ ಇಳಿಯುತ್ತದೆ. ಲೀಟರಿಗೆ 1 ಮತ್ತು 10 ಮಿಲಿಗ್ರಾಂಗಳ ದ್ರಾವಣಗಳನ್ನು ಮೊದಲು ಅಳೆದೆವೆನ್ನಿರಿ. ಬಾವಿಯ ನೀರಿನ ವಿಭವವು ಅವೆರಡರ ನಟ್ಟನಡುವೆ ಬಂದರೆ ಫ್ಲೋರೈಡ್ ಎಷ್ಟು? ಐದೂವರೆಯಲ್ಲ, ಸುಮಾರು 3.2 ಮಿಲಿಗ್ರಾಂ. ಏಕೆಂದರೆ ಇಲ್ಲಿ ಏರಿಕೆಯು ಕೂಡುವಿಕೆಯದಲ್ಲ, ಗುಣಿಸುವಿಕೆಯದು. ಅಂತಹ ನೀರು ಮಿತಿಯ ಎರಡು ಪಟ್ಟಿಗೂ ಮೀರಿದುದು.

ಅಳೆಯುವ ಮುನ್ನ ನೀರಿಗೆ ಒಂದು ವಿಶೇಷ ದ್ರಾವಣವನ್ನು ಬೆರೆಸುತ್ತಾರೆ. ಅದು ಆಮ್ಲೀಯತೆಯನ್ನು ಹದದಲ್ಲಿಟ್ಟು, ಅಲ್ಯುಮಿನಿಯಮ್, ಕಬ್ಬಿಣಗಳು ಹಿಡಿದಿಟ್ಟ ಫ್ಲೋರೈಡನ್ನು ಬಿಡಿಸುತ್ತದೆ. ಇಲ್ಲವಾದರೆ ಮೀಟರು ನಿಜಕ್ಕಿಂತ ಕಡಿಮೆ ಹೇಳೀತು. ಕೆಟ್ಟ ನೀರು ಒಳ್ಳೆಯದೆನಿಸಿಕೊಂಡೀತು.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾರತೆ ಹೆಚ್ಚುತ್ತದೆ. ಶುದ್ಧೀಕರಿಸಿದ ಕೃಷ್ಣಾ, ಭೀಮಾ ನದಿಗಳ ನೀರನ್ನು ಊರಿಗೆ ತರುವುದು ಅಥವಾ ಫ್ಲೋರೈಡನ್ನು ಸೋಸಿ ತೆಗೆಯುವುದು ಇದಕ್ಕೆ ಪರಿಹಾರ. ಯಾವ ಬಾವಿಗೆ ಪರಿಹಾರ ಬೇಕೆಂದು ತಿಳಿಸುವುದು ಮಾತ್ರ ಅಳತೆ. ಕಲೆಗೊಂಡ ಹಲ್ಲು ಮೊದಲಿನಂತಾಗದು. ಆದುದರಿಂದ ಮಗುವು ಕುಡಿಯುವ ಮೊದಲೇ ನೀರನ್ನು ಅರಿಯುವುದು ವಿವೇಕ.