ಕಡತ ಕುಗ್ಗಿಸುವ ತಂತ್ರಾಂಶದ ಭದ್ರತಾ ದೋಷ: ತಿದ್ದುಪಡಿ ಹೊರಬಂದರೆ ಸಾಲದು, ಕಚೇರಿಯಲ್ಲಿ ಅಳವಡಿಕೆಯಾಗಬೇಕು

ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಕಾಮಗಾರಿಯ ನಕ್ಷೆ, ಅಂದಾಜು ಪಟ್ಟಿ, ಛಾಯಾಚಿತ್ರ ಮುಂತಾದವುಗಳನ್ನು ಇ-ಮೇಲ್ ಮೂಲಕ ಕಳುಹಿಸುವಾಗ ಹಲವು ಕಡತಗಳನ್ನು ಒಂದೇ ಗಂಟಾಗಿ ಕಟ್ಟಿ, ಗಾತ್ರವನ್ನು ಕುಗ್ಗಿಸಿ ಕಳುಹಿಸುವ ರೂಢಿಯಿದೆ. ಇಂತಹ ಗಂಟುಗಳನ್ನು ಜಿಪ್, ರಾರ್ ಎಂಬ ಹೆಸರುಗಳಿಂದ ಗುರುತಿಸಲಾಗುತ್ತದೆ. ಇವುಗಳನ್ನು ಬಿಚ್ಚಲು ಬಳಸುವ ತಂತ್ರಾಂಶಗಳಲ್ಲಿ ವಿನ್‌ರಾರ್ ಬಹು ಪ್ರಚಲಿತವಾದುದು. ಇದರಲ್ಲಿ ಕಂಡುಬಂದ ಭದ್ರತಾ ದೋಷಗಳು, ಅವುಗಳನ್ನು ಸರಿಪಡಿಸಿದ ರೀತಿ ಹಾಗೂ ಸರಿಪಡಿಸಿದ ನಂತರವೂ ಅಪಾಯ ಉಳಿದಿರುವುದಕ್ಕೆ ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ದೋಷದ ಸ್ವರೂಪ

ಕುಗ್ಗಿಸಿದ ಗಂಟಿನೊಳಗೆ ಪ್ರತಿ ಕಡತದ ಹೆಸರಿನೊಂದಿಗೆ, ಅದನ್ನು ಯಾವ ಫೋಲ್ಡರಿನಲ್ಲಿ ಇಡಬೇಕೆಂಬ ಸೂಚನೆಯೂ ಅಡಕವಾಗಿರುತ್ತದೆ. ಬಳಕೆದಾರರು ಆರಿಸಿದ ಫೋಲ್ಡರಿನ ಹೊರಗೆ ಯಾವ ಕಡತವೂ ಹೋಗದಂತೆ ತಡೆಯುವುದು ತಂತ್ರಾಂಶದ ಹೊಣೆ. ಈ ತಪಾಸಣೆಯಲ್ಲಿ ಲೋಪವಿದ್ದರೆ, ವಂಚಕರು ಬರೆದ ಸೂಚನೆಯಂತೆ ಕಡತವೊಂದು ಬೇರೆಡೆಗೆ ಹೋಗಿ ಸೇರುತ್ತದೆ. ವಿಂಡೋಸ್ ಗಣಕಯಂತ್ರದಲ್ಲಿ ‘ಸ್ಟಾರ್ಟಪ್’ ಎಂಬ ಫೋಲ್ಡರಿದ್ದು, ಬಳಕೆದಾರರು ಪ್ರತಿ ಬಾರಿ ಲಾಗಿನ್ ಆದಾಗಲೂ ಅದರಲ್ಲಿರುವ ತಂತ್ರಾಂಶಗಳು ತಾವಾಗಿಯೇ ಚಾಲನೆಗೊಳ್ಳುತ್ತವೆ. ದುರುದ್ದೇಶದ ಕಡತವು ಅಲ್ಲಿಗೆ ಸೇರಿದರೆ, ಮರುದಿನ ಗಣಕಯಂತ್ರವನ್ನು ಆರಂಭಿಸಿದಾಗ ಯಾರೂ ಕ್ಲಿಕ್ ಮಾಡದೆಯೇ ಅದು ಕಾರ್ಯಾರಂಭ ಮಾಡುತ್ತದೆ.

2019ರ ಪ್ರಕರಣ

ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು 2019ರ ಫೆಬ್ರವರಿಯಲ್ಲಿ ಇಂತಹುದೇ ದೋಷವೊಂದನ್ನು ಪ್ರಕಟಿಸಿದರು. ಸಿವಿಇ-2018-20250 ಎಂದು ದಾಖಲಾದ ಈ ದೋಷವು 19 ವರ್ಷಗಳಿಗೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ಲೋಪವಿದ್ದುದು ವಿನ್‌ರಾರ್ ತಯಾರಕರು ಬರೆದ ಭಾಗದಲ್ಲಲ್ಲ; ‘ಏಸ್’ ಎಂಬ ಹಳೆಯ ಮಾದರಿಯ ಗಂಟುಗಳನ್ನು ಬಿಚ್ಚಲು ಅನ್ಯರಿಂದ ಪಡೆದು ಸೇರಿಸಿದ್ದ ಘಟಕದಲ್ಲಿ. ಆ ಘಟಕವು 2005ರಿಂದ ಪರಿಷ್ಕೃತವಾಗಿರಲಿಲ್ಲ. ಅದರ ಮೂಲ ಸಂಕೇತವೂ ತಯಾರಕರ ಬಳಿ ಇರಲಿಲ್ಲವಾದ್ದರಿಂದ ದುರಸ್ತಿ ಸಾಧ್ಯವಾಗಲಿಲ್ಲ. ಅಂತಿಮವಾಗಿ 5.70 ಆವೃತ್ತಿಯಲ್ಲಿ ಏಸ್ ಸೌಲಭ್ಯವನ್ನೇ ತೆಗೆದುಹಾಕಲಾಯಿತು. ಏಸ್ ಕಡತದ ಹೆಸರನ್ನು ರಾರ್ ಎಂದು ಬದಲಿಸಿದರೂ ಹಳೆಯ ಆವೃತ್ತಿಯು ಅದನ್ನು ಬಿಚ್ಚುತ್ತಿದ್ದುದರಿಂದ, ಹೆಸರನ್ನು ನೋಡಿ ಎಚ್ಚರ ವಹಿಸುವುದು ಸಾಕಾಗುತ್ತಿರಲಿಲ್ಲ.

ನಂತರದ ಪ್ರಕರಣಗಳು

2023ರಲ್ಲಿ ಬೇರೊಂದು ದೋಷ ಬೆಳಕಿಗೆ ಬಂದಿತು. ಗಂಟಿನೊಳಗಿನ ಚಿತ್ರವನ್ನೋ ದಾಖಲೆಯನ್ನೋ ತೆರೆಯಲು ಕ್ಲಿಕ್ ಮಾಡಿದರೆ, ಅದೇ ಹೆಸರಿನ ಫೋಲ್ಡರಿನಲ್ಲಿ ಅಡಗಿಸಿಟ್ಟ ದುಷ್ಟ ಆದೇಶವು ಚಾಲನೆಗೊಳ್ಳುತ್ತಿತ್ತು. ಆಗಸ್ಟ್ ತಿಂಗಳಲ್ಲಿ 6.23 ಆವೃತ್ತಿಯ ಮೂಲಕ ಇದನ್ನು ಸರಿಪಡಿಸಲಾಯಿತು. ಆದರೆ ತಿದ್ದುಪಡಿ ಲಭ್ಯವಾದ ನಂತರವೂ ಅದನ್ನು ಅಳವಡಿಸದ ಗಣಕಯಂತ್ರಗಳ ಮೇಲೆ ದಾಳಿ ಮುಂದುವರಿದಿರುವುದನ್ನು ಗೂಗಲ್ ಸಂಸ್ಥೆಯ ತಂಡವು ಅಕ್ಟೋಬರ್‌ನಲ್ಲಿ ವರದಿ ಮಾಡಿತು.

2025ರ ಜುಲೈನಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ಮತ್ತೊಂದು ದೋಷವನ್ನು ಪತ್ತೆಹಚ್ಚಿದರು. ಕಡತವನ್ನು ಬೇರೆ ಫೋಲ್ಡರಿಗೆ ಸಾಗಿಸುವ ಹಳೆಯ ತಂತ್ರವೇ ಹೊಸ ಮಾರ್ಗದಲ್ಲಿ ಮರಳಿತ್ತು. ಯೂರೋಪ್ ಹಾಗೂ ಕೆನಡಾದ ಸಂಸ್ಥೆಗಳಿಗೆ ಉದ್ಯೋಗದ ಅರ್ಜಿಯ ರೂಪದಲ್ಲಿ ಇಂತಹ ಗಂಟುಗಳನ್ನು ಕಳುಹಿಸಲಾಗಿತ್ತು. ಜುಲೈ 30ರಂದು ಬಿಡುಗಡೆಯಾದ 7.13 ಆವೃತ್ತಿಯಲ್ಲಿ ಈ ದೋಷವು ನಿವಾರಣೆಯಾಗಿದೆ.

ಅಪಾಯ ಉಳಿಯಲು ಕಾರಣ

ಈ ಪ್ರಕರಣಗಳಲ್ಲಿ ತಯಾರಕರು ತಿದ್ದುಪಡಿಯನ್ನು ಒದಗಿಸಿದ್ದಾರೆ. ಆದರೆ ವಿನ್‌ರಾರ್ ತಾನಾಗಿಯೇ ಪರಿಷ್ಕೃತಗೊಳ್ಳುವ ತಂತ್ರಾಂಶವಲ್ಲ. ಬಳಕೆದಾರರೇ ಹೊಸ ಆವೃತ್ತಿಯನ್ನು ಪಡೆದು ಅಳವಡಿಸಬೇಕು. ಒಮ್ಮೆ ಅಳವಡಿಸಿದ ತಂತ್ರಾಂಶವು ತೊಂದರೆ ನೀಡದಿದ್ದರೆ ಅದರತ್ತ ಯಾರೂ ಗಮನ ಹರಿಸುವುದಿಲ್ಲ. ದೋಷದ ವಿವರವು ಪ್ರಕಟವಾದ ಮೇಲೆ ವಂಚಕರಿಗೂ ಅದು ತಿಳಿದಿರುತ್ತದೆಯಾದ್ದರಿಂದ, ಅಂದಿನಿಂದ ಹಳೆಯ ಆವೃತ್ತಿಯ ಬಳಕೆ ಇನ್ನಷ್ಟು ಅಪಾಯಕರ.

ಪಂಚಾಯತಿ ಕಚೇರಿಯ ಗಣಕಯಂತ್ರದಲ್ಲಿಯೇ ಇ-ಸ್ವತ್ತು, ತೆರಿಗೆ ಹಾಗೂ ಲೆಕ್ಕಪತ್ರದ ಕೆಲಸಗಳು ನಡೆಯುತ್ತವೆ. ಪಾಸ್‌ವರ್ಡ್‌ಗಳನ್ನು ಅಲ್ಲಿಯೇ ನಮೂದಿಸಲಾಗುತ್ತದೆ, ಡಿಜಿಟಲ್ ಸಹಿಯ ಸಾಧನವನ್ನೂ ಅಲ್ಲಿಯೇ ಜೋಡಿಸಲಾಗುತ್ತದೆ. ಆ ಗಣಕಯಂತ್ರವು ಪರರ ಹಿಡಿತಕ್ಕೆ ಸಿಕ್ಕರೆ ಗ್ರಾಮಸ್ಥರ ಆಸ್ತಿ ವಿವರಗಳಿಗೂ ಪಂಚಾಯತಿಯ ನಿಧಿಗೂ ಧಕ್ಕೆ ಒದಗಬಹುದು.

ಸದಸ್ಯರು ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಬಹುದಾದ ಅಂಶಗಳು

1. ಕಚೇರಿಯ ಪ್ರತಿ ಗಣಕಯಂತ್ರದಲ್ಲಿ ವಿನ್‌ರಾರ್ ಇದೆಯೇ, ಇದ್ದಲ್ಲಿ ಯಾವ ಆವೃತ್ತಿ ಎಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ತಿಳಿದುಕೊಳ್ಳುವುದು. ತಂತ್ರಾಂಶದ ‘ಹೆಲ್ಪ್’ ಪಟ್ಟಿಯಲ್ಲಿ ‘ಅಬೌಟ್’ ಎಂಬುದನ್ನು ಒತ್ತಿದರೆ ಆವೃತ್ತಿಯ ಸಂಖ್ಯೆ ಕಾಣುತ್ತದೆ.

2. 7.13ಕ್ಕಿಂತ ಹಳೆಯದಾಗಿದ್ದಲ್ಲಿ, ತಯಾರಕರ ಅಧಿಕೃತ ಜಾಲತಾಣದಿಂದ ಇತ್ತೀಚಿನ ಆವೃತ್ತಿಯನ್ನು ಪಡೆದು ಅಳವಡಿಸುವುದು. ಅಗತ್ಯವಿಲ್ಲದಿದ್ದಲ್ಲಿ ತೆಗೆದುಹಾಕುವುದು. ಜಿಪ್ ಕಡತಗಳನ್ನು ವಿಂಡೋಸ್ ತಾನೇ ತೆರೆಯಬಲ್ಲದು.

3. ಅಪರಿಚಿತರಿಂದ ಬಂದ ಗಂಟುಗಳನ್ನು, ಅರ್ಜಿ ಅಥವಾ ಬಿಲ್ಲಿನ ರೂಪದಲ್ಲಿದ್ದರೂ, ಕಳುಹಿಸಿದವರನ್ನು ದೂರವಾಣಿಯಲ್ಲಿ ವಿಚಾರಿಸದೆ ತೆರೆಯದಿರುವುದು.

4. ಡಿಜಿಟಲ್ ಸಹಿಯ ಸಾಧನವನ್ನು ಕೆಲಸ ಮುಗಿದ ಕೂಡಲೇ ತೆಗೆದು, ಸಂಬಂಧಪಟ್ಟವರ ಸ್ವಂತ ಸುಪರ್ದಿಯಲ್ಲಿಯೇ ಇರಿಸಿಕೊಳ್ಳುವುದು.

5. ಅನುಮಾನ ಬಂದಲ್ಲಿ ಗಣಕಯಂತ್ರದ ಅಂತರ್ಜಾಲ ಸಂಪರ್ಕವನ್ನು ಕಡಿತಗೊಳಿಸಿ, ಏನನ್ನೂ ಅಳಿಸದೆ ಮೇಲಧಿಕಾರಿಗಳಿಗೆ ತಿಳಿಸುವುದು. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕಾಗುತ್ತದೆ. ಹಣ ಕಳೆದುಹೋಗಿದ್ದಲ್ಲಿ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡತಕ್ಕದ್ದು.

ಹೊಸ ಆವೃತ್ತಿಯು ಮುಂದಿನ ದಾಳಿಯನ್ನು ತಡೆಯುತ್ತದೆಯೇ ಹೊರತು, ಈಗಾಗಲೇ ಒಳಸೇರಿದ ಕಡತವನ್ನು ಹೊರಹಾಕುವುದಿಲ್ಲ. ಆದುದರಿಂದ ಬಹುಕಾಲ ಹಳೆಯ ಆವೃತ್ತಿಯನ್ನೇ ಬಳಸಿದ ಗಣಕಯಂತ್ರಗಳನ್ನು ಪರಿಷ್ಕರಣೆಯ ಜೊತೆಗೆ ವೈರಸ್ ನಿರೋಧಕದಿಂದಲೂ ಪೂರ್ಣವಾಗಿ ತಪಾಸಣೆ ಮಾಡಿಸುವುದು ಅವಶ್ಯಕ.