ಪೈವಂದಿ ಗಿಡದ ಜಾಡು ಹಿಡಿದು

ಹೈದರಾಬಾದಿನ ಕಾಚಿಗುಡದಲ್ಲಿದ್ದ ನಮ್ಮ ಹಳೆಯ ಮನೆಯ ಹಿತ್ತಲ ಗಿಡವೊಂದಕ್ಕೆ ಮೂರು ಹೆಸರಿದ್ದವು. ನಮ್ಮ ಆಯಿ ಅದನ್ನು ನಿಂಬಿಗಿಡ ಅನ್ನುತ್ತಿದ್ದಳು. ಗೋಡೆಯಾಚೆಯ ತೆಲುಗು ಮನೆಯವರಿಗೆ ಅದು ಬತ್ತಾಯಿ ಚೆಟ್ಟು. ತಿಂಗಳಿಗೊಮ್ಮೆ ಬಂದು ಪಾತಿ ಸರಿಮಾಡಿ ಹೋಗುತ್ತಿದ್ದ ಮಾಲಿ ಚಾಚಾ ಮಾತ್ರ ಪೈವಂದಿ ಝಾಡ್ ಎಂದು ಕರೆಯುತ್ತಿದ್ದರು. ಮೂವರದೂ ಸರಿಯೇ. ಬಾವಿಯ ಕಡೆಗೆ ಚಾಚಿದ ಕೊಂಬೆಯಲ್ಲಿ ನಿಂಬೆ, ಗೋಡೆಯ ಕಡೆಗೆ ಮೋಸಂಬಿ, ನಡುವಿನ ನೇರ ಕೊಂಬೆಯಲ್ಲಿ ಉಪ್ಪಿನಕಾಯಿಗೆ ಆಗುವ ದಪ್ಪ ಸಿಪ್ಪೆಯ ದಬ್ಬಕಾಯಿ. ಬುಡ ಒಂದೇ.

ಮುತ್ಯಾ ಕಲಬುರಗಿ ಕಡೆಯಿಂದ ಈ ಊರಿಗೆ ನೌಕರಿಗೆ ಬಂದಾಗ ಕಲಬುರಗಿ, ರಾಯಚೂರು, ಬೀದರ್ ಎಲ್ಲ ನಿಜಾಮರ ಸಂಸ್ಥಾನದೊಳಗೇ ಇದ್ದವು. 1956ರ ರಾಜ್ಯ ಮರುವಿಂಗಡಣೆಯಲ್ಲಿ ಆ ಊರುಗಳು ಕನ್ನಡ ರಾಜ್ಯದತ್ತ ಹೋದವು, ನಾವು ಇಲ್ಲೇ ಉಳಿದೆವು. ಒಂದು ಗಿಡದಲ್ಲಿ ಮೂರು ಹಣ್ಣು ಹೇಗೆ ಎಂದು ಚಿಕ್ಕವನಿದ್ದಾಗ ನಾನು ಕೇಳಿದ್ದಕ್ಕೆ ಆಯಿ, "ಮೂರು ಮಕ್ಕಳು ಒಬ್ಬಾಕಿ ಹಾಲು ಕುಡದು ಬೆಳೀತಾವ, ಹಂಗಂತ ಮೂರೂ ಮಾರಿ ಒಂದs ಇರಬೇಕಂದ್ರ ಹ್ಯಾಂಗ?" ಎಂದಿದ್ದಳು. ಸಸ್ಯಶಾಸ್ತ್ರದ ಪುಸ್ತಕಗಳನ್ನು ತಿರುವಿದ ಮೇಲೂ ನನಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಸಿಕ್ಕಿಲ್ಲ. ಬೇರು ನೀರು, ಉಪ್ಪು, ಕಸುವು ಕೊಡುತ್ತದೆ. ಹಣ್ಣಿನ ಜಾತಿಯನ್ನು ತೀರ್ಮಾನಿಸುವುದು ಆಯಾ ಕೊಂಬೆಯ ಕಣ್ಣು, ಅಂದರೆ ಅದು ಹೊರಟ ಚಿಗುರುಮೊಗ್ಗು.

ಚಾಚಾ ಕಣ್ಣು ಕೂರಿಸುವುದನ್ನು ನಾನು ಎದುರಿಗೇ ಕೂತು ನೋಡಿದ್ದೇನೆ. ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ ತರುತ್ತಿದ್ದರು. ಅದರ ಎಲೆಗಳನ್ನು ಕತ್ತರಿಸಿ, ತೊಟ್ಟುಗಳನ್ನು ಮಾತ್ರ ಬಿಟ್ಟಿರುತ್ತಿದ್ದರು. ಬುಡದ ಗಿಡದ ತೊಗಟೆಯ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೀರು. ಕತ್ತಿಯ ಹಿಂಬದಿಯಿಂದ ತೊಗಟೆಯ ಎರಡು ಅಂಚುಗಳನ್ನು ಮೆಲ್ಲಗೆ ಎಬ್ಬಿಸಿದರೆ ಒಳಗೆ ಲೋಳೆಯಂಥ ಬಿಳಿ ಹೊಳಪು. ಕಡ್ಡಿಯಿಂದ ಒಂದು ಕಣ್ಣನ್ನು ಗುರಾಣಿಯಾಕಾರದ ತೊಗಟೆಯ ಸಮೇತ ಹೆರೆದು, ಬೆರಳು ತಾಕಿಸದೆ, ತೊಟ್ಟಿನಿಂದಲೇ ಹಿಡಿದು ಆ ಸೀಳಿನೊಳಗೆ ಜಾರಿಸುತ್ತಿದ್ದರು. ನಾನು ಕೈ ಚಾಚಿದರೆ "ಹಾಥ್ ನಕ್ಕೊ ಲಗಾವ್" ಎಂಬ ಗದರಿಕೆ. ಮೇಲೆ ಬಾಳೆಯ ನಾರಿನ ಸುತ್ತು. ಕಣ್ಣು ಮಾತ್ರ ಹೊರಗೆ.

ಎರಡು ಮೂರು ವಾರದ ಮೇಲೆ ಬಂದು ಆ ತೊಟ್ಟನ್ನು ಉಗುರಿನಿಂದ ಒಮ್ಮೆ ಮುಟ್ಟುತ್ತಿದ್ದರು. ಹಳದಿಯಾಗಿ ತಟ್ಟನೆ ಕಳಚಿ ಬಿದ್ದರೆ ಕಸಿ ಹಿಡಿದಿದೆ. ಒಣಗಿ ಕಪ್ಪಾಗಿ ಅಂಟಿಕೊಂಡೇ ಇದ್ದರೆ ಕಣ್ಣು ಸತ್ತಿದೆ. ಬದುಕಿದ್ದು ಉದುರುತ್ತದೆ, ಸತ್ತದ್ದು ಬಿಡದೆ ಹಿಡಿದುಕೊಂಡಿರುತ್ತದೆ. ಆ ವಯಸ್ಸಿಗೆ ನನಗಿದು ದೊಡ್ಡ ಸೋಜಿಗ.

ಈ ಕೆಲಸಕ್ಕೆ ನಮ್ಮ ಮೂರು ಭಾಷೆಗಳು ಕೊಟ್ಟ ಹೆಸರುಗಳನ್ನು ನೋಡಿ. ಉರ್ದುವಿನ ಪೈವಂದ್ ಅಂದರೆ ಬಟ್ಟೆಗೆ ಹಾಕುವ ತೇಪೆಯೂ ಹೌದು, ಗಿಡಕ್ಕೆ ಹಾಕುವುದೂ ಹೌದು. ತೆಲುಗಿನವರದು ಅಂಟು, ಅಂದರೆ ಹತ್ತಿಕೊಂಡದ್ದು. ನಮ್ಮದು ಕಸಿ. ಹಣ್ಣಿನ ಹೆಸರುಗಳಲ್ಲಂತೂ ಹಡಗಿನ ದಾರಿಗಳೇ ಇವೆ. ಮೋಸಂಬಿ ಮೊಜಾಂಬಿಕ್‌ನ ನೆನಪು, ಬತ್ತಾಯಿ ಬಟಾವಿಯಾದ್ದು ಎನ್ನುತ್ತಾರೆ, ಅದನ್ನೇ ರಾಯಲಸೀಮೆಯವರು ಚೀನಿಕಾಯಿ ಎಂದು ಕರೆಯುತ್ತಾರೆ.

ಆ ಗಿಡದ ಮೂಲ ಎಲ್ಲಿಯದು ಎಂಬ ಹುಡುಕಾಟಕ್ಕೆ ನನ್ನನ್ನು ಹಚ್ಚಿದ್ದು ಸಿಕಂದರಾಬಾದಿನಲ್ಲಿ ಅಚ್ಚಾದ ಕೆಲವು ಪುಸ್ತಕಗಳು. ಡಾ. ವೈ. ಎಲ್. ನೆನೆ ಎಂಬ ಸಸ್ಯರೋಗ ತಜ್ಞರಿದ್ದರು. ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದಾಗ, ಹಿಮಾಲಯದ ತಪ್ಪಲಿನ ತರಾಯಿ ಸೀಮೆಯ ಭತ್ತವನ್ನು ಕಾಡುತ್ತಿದ್ದ ಖೈರಾ ರೋಗಕ್ಕೆ ಕಾರಣ ಸತುವಿನ ಕೊರತೆ ಎಂದು 1966ರಲ್ಲಿ ತೋರಿಸಿಕೊಟ್ಟವರು ಅವರೇ. ಮುಂದೆ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಉಪ ಮಹಾನಿರ್ದೇಶಕರಾದರು. ಅಂಥವರಿಗೆ ಹಳೆಯ ಕೃಷಿ ಗ್ರಂಥಗಳ ಗೀಳು ಹಿಡಿಯಿತು. 1994ರಲ್ಲಿ ಸಿಕಂದರಾಬಾದಿನಲ್ಲಿ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಕಟ್ಟಿದರು. ಸುರಪಾಲನ 'ವೃಕ್ಷಾಯುರ್ವೇದ'ದ ಹಸ್ತಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿತ್ತು. ಅದರ ಪ್ರತಿ ತರಿಸಿ, ನಳಿನಿ ಸಾಧಲೆ ಅವರಿಂದ ಇಂಗ್ಲಿಷಿಗೆ ಅನುವಾದ ಮಾಡಿಸಿ 1996ರಲ್ಲಿ ಪ್ರಕಟಿಸಿದರು. 325 ಶ್ಲೋಕಗಳ ಪುಸ್ತಕ. ಮುಂದೆ ಮೊಗಲ್ ರಾಜಕುಮಾರ ದಾರಾ ಶಿಕೋನ ಹೆಸರಿನಲ್ಲಿ ನಡೆದುಬಂದಿರುವ ಪಾರಸಿ ಕೃಷಿಗ್ರಂಥ 'ನುಸ್ಖಾ ದರ್ ಫನ್ನಿ ಫಲಾಹತ್' ರಜಿಯಾ ಅಕ್ಬರ್ ಅವರ ಅನುವಾದದಲ್ಲಿ ಬಂತು. ನನ್ನ ಎದೆ ತುಂಬಿಸಿದ್ದು ಆಮೇಲೆ ಬಂದದ್ದು. ನಮ್ಮ ಎರಡನೆಯ ಚಾವುಂಡರಾಯನ 'ಲೋಕೋಪಕಾರ'.

ಕ್ರಿ.ಶ. 1025ರ ಸುಮಾರಿನ ಕನ್ನಡ ಗ್ರಂಥ ಅದು. ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿ ಬರೆದದ್ದು. ಅಂತರ್ಜಲ ಪತ್ತೆ, ಗಿಡಮರಗಳ ಆರೈಕೆ, ಸುಗಂಧ, ಅಡುಗೆ, ದನಕರುಗಳ ವೈದ್ಯ ಎಲ್ಲ ಅದರಲ್ಲಿದೆ. ಸಂಸಾರಸ್ಥನಿಗೆ ಬೇಕಾದ್ದನ್ನು ಅವನ ಭಾಷೆಯಲ್ಲೇ ಹೇಳಬೇಕೆಂದು ಒಬ್ಬ ಕವಿಗೆ ಸಾವಿರ ವರ್ಷದ ಹಿಂದೆ ಅನ್ನಿಸಿತ್ತು. ಮುತ್ಯಾನ ಸೀಮೆಯಲ್ಲಿ ಹುಟ್ಟಿದ ಪುಸ್ತಕವೊಂದು, ನಾವು ವಲಸೆ ಬಂದ ಊರಿನ ಪಕ್ಕದಲ್ಲೇ, ವಾಲ್ಮೀಕಿ ಶ್ರೀನಿವಾಸ ಅಯ್ಯಂಗಾರ್ಯರ ಇಂಗ್ಲಿಷ್ ಅನುವಾದದಲ್ಲಿ ನನಗೆ ಎದುರಾಯಿತು. ಕನ್ನಡದವನಾದ ನನಗೆ ಕನ್ನಡದ ಪುಸ್ತಕ ಇಂಗ್ಲಿಷಿನ ಮೂಲಕ ಸಿಕ್ಕಿತಲ್ಲ ಎಂಬ ಸಂಕಟ ಇಂದಿಗೂ ಇದೆ. ಸಿಗುವಂತೆ ಮಾಡಿದ ನೆನೆಯವರ ಮೇಲಿನ ಗೌರವ ಅದಕ್ಕಿಂತ ದೊಡ್ಡದು.

ಹುಳಿಯ ಜಾತಿಗೂ ಕಸಿಗೂ ಇರುವ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯವೊಂದಿದೆ. ಸೆಗಣಿ ಬಳಿದ ಕಡ್ಡಿಯಿಂದಲೋ, ಬೇರಿನ ಬಳಿ ಅಥವಾ ಕಾಂಡದಲ್ಲಿ ಕತ್ತರಿಸಿದ ಇನ್ನೊಂದು ಗಿಡದ ಮೇಲೆ ಕೂರಿಸಿಯೋ ಬೆಳೆಸಬಹುದಾದ ಗಿಡಗಳನ್ನು ಅಲ್ಲಿ ಎಣಿಸುತ್ತಾನೆ. ಹಲಸು, ನೇರಳೆ, ದಾಳಿಂಬೆ, ದ್ರಾಕ್ಷಿಗಳ ಜೊತೆಗೆ ಬೀಜಪೂರವೂ ಇದೆ. ಬೀಜಪೂರ ಅಂದರೆ ನಮ್ಮ ಮಾದಲ. ಬಾಳೆಯೂ ಆ ಪಟ್ಟಿಯಲ್ಲಿದೆ. ಬಾಳೆಗೆ ಕಸಿ ಹಿಡಿಯುವುದಿಲ್ಲ, ಆದ್ದರಿಂದ ಕಡ್ಡಿ ನೆಡುವ ಗಿಡ, ಕಸಿ ಕಟ್ಟುವ ಗಿಡ ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಾನೆ ಎಂದು ನನ್ನ ಎಣಿಕೆ.

ಅಲ್ಲಿಂದ ಸಾವಿರ ವರ್ಷ ಜಿಗಿದರೆ ಮೊಗಲರ ತೋಟ. ಕಸಿಯ ವಿದ್ಯೆ ಬಹುಕಾಲ ಬಾದಶಾಹಿ ತೋಟಗಳ ಗೋಡೆಯೊಳಗೇ ಇತ್ತು, ಶಾಹಜಹಾನನ ಕಾಲದಲ್ಲಿ ಆ ಕಟ್ಟು ಸಡಿಲವಾಗಿ ಸಂತರಾ, ನಾರಂಗಿಗಳ ರುಚಿ ಸುಧಾರಿಸಿತು ಎಂದು ಇತಿಹಾಸಕಾರ ಇರ್ಫಾನ್ ಹಬೀಬ್ ಬರೆಯುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1644ರಲ್ಲಿ, ಇಟಲಿಯ ಫ್ಲಾರೆನ್ಸಿನ ತೋಟವೊಂದರಲ್ಲಿ ವಿಚಿತ್ರವೊಂದು ಕಾಣಿಸಿತು. ಹುಳಿ ಕಿತ್ತಳೆ ಮತ್ತು ಮಾದಲದ ಕಸಿ ಸೇರಿದ ಜಾಗದಲ್ಲಿ ಹೊಸ ಚಿಗುರು ಹೊರಟು, ಎರಡೂ ಬೆರೆತ ಹಣ್ಣು ಬಿಟ್ಟಿತು. ಒಂದು ಹಣ್ಣಿನ ಅರ್ಧ ಕಿತ್ತಳೆ, ಅರ್ಧ ಮಾದಲ. ಬಿಝಾರಿಯಾ ಎಂದು ಅದಕ್ಕೆ ಹೆಸರಾಯಿತು. ಸಸ್ಯಶಾಸ್ತ್ರಜ್ಞ ಪಿಯೆತ್ರೊ ನಾತಿ 1674ರಲ್ಲಿ ಅದರ ವರ್ಣನೆ ಬರೆದ. ಚಾಚಾನ ಗಿಡದಲ್ಲಿ ಹಾಗೆಂದೂ ಆಗಲಿಲ್ಲ. ಅಲ್ಲಿ ಪ್ರತಿ ಕೊಂಬೆಯೂ ತನ್ನ ಪಾಡಿಗೆ ತನ್ನ ಹಣ್ಣನ್ನೇ ಕೊಟ್ಟಿತು.

ಇಷ್ಟು ಬೇರೆ ಬೇರೆ ಹಣ್ಣುಗಳು ಒಂದೇ ಬುಡವನ್ನು ಒಪ್ಪುವುದೇಕೆ? ಉತ್ತರದ ಸುಳಿವು ಸಿಕ್ಕಿದ್ದು 2018ರಲ್ಲಿ. ನಿಂಬೆ-ಕಿತ್ತಳೆ ಕುಲದ 60 ಗಿಡಗಳ ಜೀನೋಮ್ ಓದಿದ ಸಂಶೋಧನೆ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಸುಮಾರು 80 ಲಕ್ಷ ವರ್ಷಗಳ ಹಿಂದಿನ ಮಾತು. ನಮಗೆ ಪರಿಚಯದ ಬಹುಪಾಲು ಹಣ್ಣುಗಳು ಮಾದಲ, ಚಕ್ಕೋತ, ಕಿತ್ತಳೆ ಎಂಬ ಹಿರಿಯರ ಬೆರಕೆಯ ಸಂತಾನ. ಮೋಸಂಬಿಯ ಗುಂಪು ಚಕ್ಕೋತ ಮತ್ತು ಕಿತ್ತಳೆಯ ಕಡೆಯದು. ನಮ್ಮ ತೆಳು ಸಿಪ್ಪೆಯ ಕಾಗದಿ ನಿಂಬೆಗೂ ಒಂದು ಕಡೆಯಿಂದ ಮಾದಲವೇ ಹಿರಿಯ. ಆಯಿಯ ಮೂರು ಮಕ್ಕಳ ಮಾತು ನೆನಪಾಗಿ ಆ ಪುಟವನ್ನು ಎರಡು ಸಲ ಓದಿದೆ.

ಬುಡದ ಗಿಡದ ಕತೆಯನ್ನು ಹೇಳಲೇಬೇಕು, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಚಾಚಾ ಬುಡಕ್ಕೆಂದು ಬೀಜ ಹಾಕುತ್ತಿದ್ದುದು ನೋಡಲು ಕಿತ್ತಳೆಯಂತಿರುವ, ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವ ಒಂದು ಪುಟ್ಟ ಹಣ್ಣಿನದು. ಒಂದೇ ಬೀಜದಿಂದ ಎರಡು ಮೂರು ಸಸಿ ಬರುತ್ತಿದ್ದವು. ಅದು ರಂಗಪುರ ನಿಂಬೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಈಗ ಬಾಂಗ್ಲಾದೇಶದಲ್ಲಿರುವ ರಂಗಪುರದ ಹೆಸರು ಹೊತ್ತ, ಕಿತ್ತಳೆ ಮತ್ತು ಮಾದಲ ಕೂಡಿ ಹುಟ್ಟಿದ ಗಿಡ. ಬರ ತಡೆಯುತ್ತದೆ, ನಮ್ಮ ಬೋರ್‌ವೆಲ್ಲಿನ ಉಪ್ಪುನೀರನ್ನೂ ಸಹಿಸುತ್ತದೆ. 1930ರ ದಶಕದ ಕೊನೆಯಿಂದ ಬ್ರೆಜಿಲ್‌ನಲ್ಲಿ ಹುಳಿ ಕಿತ್ತಳೆಯ ಬುಡಕ್ಕೆ ಕಸಿ ಕಟ್ಟಿದ ಸಿಹಿ ಕಿತ್ತಳೆ ಮರಗಳು ಲಕ್ಷಗಟ್ಟಲೆ ಸೊರಗಿ ಸತ್ತವು. ಆ ರೋಗಕ್ಕೆ ಅಲ್ಲಿನವರು ಇಟ್ಟ ಹೆಸರು ತ್ರಿಸ್ತೇಜಾ, ಅಂದರೆ ದುಃಖ. ಕಸಿ ಸೇರಿದ ಜಾಗದಲ್ಲೇ ಆಹಾರ ಕೆಳಗಿಳಿಯುವ ದಾರಿ ಕಟ್ಟಿಹೋಗಿ ಬೇರು ಹಸಿವಿನಿಂದ ಸಾಯುತ್ತಿತ್ತು. ಸೋಂಕು ಹರಡುವುದು ಸಸ್ಯಹೇನು ಎಂದು 1946ರಲ್ಲಿ ವಿಜ್ಞಾನಿ ಮೆನೆಗಿನಿ ತೋರಿಸಿದರು. ಆಗ ಅಲ್ಲಿನ ತೋಟಗಳನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ ಬುಡ ನಮ್ಮ ಕಡೆಯ ಈ ರಂಗಪುರ ನಿಂಬೆ.

ಹಾಗಾಗಿ ಇವತ್ತು ನಗರದ ಸಸ್ಯಮೇಳಗಳಲ್ಲಿ ಒಂದೇ ಕುಂಡದಲ್ಲಿ ನಾಲ್ಕು ಹಣ್ಣು ಎಂದು ಬೋರ್ಡು ಹಾಕಿ ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬುಡ ಯಾವುದು ಎಂದರೆ ಉತ್ತರವಿಲ್ಲ, ಕಣ್ಣು ಯಾವ ತಾಯಿಮರದ್ದು ಎಂದರೂ ಇಲ್ಲ. ನಾಲ್ಕು ಕಡೆಯಿಂದ ತಂದ ಕಣ್ಣುಗಳಲ್ಲಿ ಒಂದಕ್ಕೆ ಸೋಂಕಿದ್ದರೂ ಇಡೀ ಗಿಡಕ್ಕೆ ಇಳಿಯುತ್ತದೆ. ಎರಡು ವರ್ಷದ ಹಿಂದೆ ನಾನು ತಂದ ಗಿಡದಲ್ಲಿ ಕಸಿಯ ಕೆಳಗಿನಿಂದ ಮುಳ್ಳು ಚಿಗುರು ಎದ್ದು, ಊರಿಗೆ ಹೋಗಿ ಬರುವಷ್ಟರಲ್ಲಿ ಮೇಲಿನ ಕಸಿಗಳನ್ನೆಲ್ಲ ನುಂಗಿತ್ತು. ಅದನ್ನು ಚಿವುಟಿ ಹಾಕಬೇಕೆಂದು ಮಾರಿದವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿಂಬೆಯ ಸೊಕ್ಕು ಮೋಸಂಬಿಗೆ ಇಲ್ಲ. ಚಾಚಾ ಪ್ರತಿ ಸಲವೂ ನಿಂಬೆಯ ಕೊಂಬೆಯನ್ನು ಮೋಟು ಮಾಡಿ, ಮೋಸಂಬಿಗೆ ಬಿಸಿಲು ಬಿಟ್ಟುಕೊಡುತ್ತಿದ್ದರು. ಹಲವು ಹಣ್ಣಿನ ಗಿಡ ಬಾಳುವುದು ಆ ಕತ್ತರಿಯಿಂದ.

ಕಾಚಿಗುಡದ ಮನೆ ಅಪಾರ್ಟ್‌ಮೆಂಟಿಗೆ ಹೋಯಿತು. ಬಾವಿ ಮುಚ್ಚಿದರು. ಗಿಡ ಕಡಿಯುವ ದಿನ ನಾನು ಊರಲ್ಲಿರಲಿಲ್ಲ. ಇದ್ದಿದ್ದರೆ ಒಂದು ಕಡ್ಡಿಯನ್ನಾದರೂ ಉಳಿಸಿಕೊಳ್ಳುತ್ತಿದ್ದೆ. ಆದರೆ ಗೋಡೆಯಾಚೆಯ ಮನೆಯವರ ಮಗಳು ಮದುವೆಯಾಗಿ ಉಪ್ಪಲ್‌ಗೆ ಹೋಗುವಾಗ ಚಾಚಾ ನಮ್ಮ ಗಿಡದ ಕಣ್ಣುಗಳಿಂದಲೇ ಅವರಿಗೊಂದು ಕಸಿ ಕಟ್ಟಿ ಕೊಟ್ಟಿದ್ದರು. ಆ ಗಿಡ ಈಗಲೂ ಇದೆ. ಆ ಅಕ್ಕ ನನಗೆ ಮೂರು ಕಡ್ಡಿ ಕತ್ತರಿಸಿ ಕೊಟ್ಟರು. ಒದ್ದೆ ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಮಹಡಿಯ ಕುಂಡದಲ್ಲಿ ನಾನೇ ಬೀಜದಿಂದ ಎಬ್ಬಿಸಿದ ರಂಗಪುರ ನಿಂಬೆ ಕಾಯುತ್ತಿತ್ತು. ಬಾಳೆಯ ನಾರು ಸಿಗಲಿಲ್ಲ, ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಇವತ್ತಿಗೆ ಇಪ್ಪತ್ತೆರಡು ದಿನ. ಬೆಳಿಗ್ಗೆ ಹೋಗಿ ಒಂದೊಂದೇ ಮುಟ್ಟಿ ನೋಡಿದೆ. ದಬ್ಬಕಾಯಿಯ ತೊಟ್ಟು ಕಪ್ಪಾಗಿ ಅಂಟಿಕೊಂಡಿದೆ. ಮೋಸಂಬಿಯದು ಉಗುರು ತಾಕಿದ್ದೇ ತಡ ಕಳಚಿ ಅಂಗೈಗೆ ಬಿತ್ತು. ನಿಂಬೆಯದು ಇನ್ನೂ ಹಸಿರಾಗಿದೆ.