ಜಿರಾ ಮೇಲ್‌ಗಳ ಕಾಟಕ್ಕೆ ಕಡಿವಾಣ

ಜಿರಾದಲ್ಲಿ ಯಾರದೋ ಟಿಕೆಟ್‌ಗೆ ಒಂದೇ ಒಂದು ಕಾಮೆಂಟ್ ಹಾಕಿರ್ತೀರಿ. ಅಲ್ಲಿಂದ ಶುರು. ಸ್ಟೇಟಸ್ ಬದಲಾದ್ರೆ ಮೇಲ್, ಡೆಡ್‌ಲೈನ್ ಮುಂದೆ ಹೋದ್ರೆ ಮೇಲ್, ಯಾರೋ "ಓಕೆ" ಅಂದ್ರೂ ಮೇಲ್!

ಯಾಕೆ ಹೀಗೆ? ನೀವು ಟಿಕೆಟ್ ಹಾಕಿದ್ರೆ, ಕಾಮೆಂಟ್ ಮಾಡಿದ್ರೆ ಜಿರಾ ತಾನಾಗೇ ನಿಮ್ಮನ್ನ ಅದರ ವಾಚರ್ ಪಟ್ಟಿಗೆ ಸೇರಿಸುತ್ತೆ. ನಿಮ್ಮ ಕೆಲಸ ಮುಗಿದರೂ ಹೆಸರು ಅಲ್ಲೇ ಉಳಿಯುತ್ತೆ.

ಒಂದೆರಡು ಟಿಕೆಟ್ ಆದ್ರೆ, ಮೇಲಿರೋ ಕಣ್ಣಿನ ಗುರುತು ಒತ್ತಿ, ವಾಚಿಂಗ್ ನಿಲ್ಲಿಸಿ. ಮುಂದೆ ಜಿರಾ ಹೀಗೆ ತಾನಾಗೇ ಸೇರಿಸೋದು ಬೇಡ ಅಂದ್ರೆ ನಿಮ್ಮ ಪರ್ಸನಲ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋವಾಚ್ ಆಫ್ ಮಾಡಿ. ನೀವೇ ಮಾಡಿದ ಬದಲಾವಣೆಗೆ ನಿಮಗೇ ಮೇಲ್ ಬರ್ತಿದ್ರೆ ಅದನ್ನೂ ತೆಗೀರಿ. ಆದ್ರೆ ನಿಮಗೆ ಅಸೈನ್ ಆದ ಟಿಕೆಟ್, ನಿಮ್ಮ ಹೆಸರು ಹಿಡಿದು ಕರೆದ ಮೆನ್ಷನ್, ಇವೆರಡನ್ನ ಮುಟ್ಟಬೇಡಿ. ಇದಕ್ಕೇ ನಾನು ಜಿರಾ ಮೇಲ್‌ಗಳನ್ನೆಲ್ಲ ಫಿಲ್ಟರ್ ಹಾಕಿ ಡಿಲೀಟ್ ಮಾಡೋದನ್ನ ಒಪ್ಪಲ್ಲ. ನಿಮ್ಮ ಉತ್ತರಕ್ಕೆ ಕಾಯ್ತಿರೋ ಸಹೋದ್ಯೋಗಿಯ ಪ್ರಶ್ನೆಯೂ ಅದರ ಜೊತೆಗೇ ಹೋಗಿಬಿಡುತ್ತೆ.

ಗಮನಿಸಿ, ಆಟೋವಾಚ್ ಆಫ್ ಆದ್ರೂ ಹಳೇ ಟಿಕೆಟ್‌ಗಳ ಮೇಲ್ ನಿಲ್ಲಲ್ಲ. ಸರ್ಚ್‌ನಲ್ಲಿ ನೀವು ವಾಚರ್ ಆಗಿರೋ ಟಿಕೆಟ್‌ಗಳನ್ನ ಹುಡುಕಿ. ಬಲ್ಕ್ ಚೇಂಜ್ ತೆರೆದು ಎಲ್ಲದರಿಂದ ಒಟ್ಟಿಗೇ ಹೊರಗೆ ಬನ್ನಿ.

ಇನ್ನೊಂದು ಮಾತು, ಟೀಮ್ ಲೀಡ್‌ಗಳಿಗೆ. ನೂರಾರು ಟಿಕೆಟ್ ಒಟ್ಟಿಗೇ ಎಡಿಟ್ ಮಾಡುವಾಗ, ಮೇಲ್ ಕಳಿಸಬೇಕಾ ಅಂತ ಕೇಳೋ ಟಿಕ್ ತೆಗೆದುಬಿಡಿ. ಇಲ್ಲಾಂದ್ರೆ ನೂರಾರು ಮೇಲ್ ಇಡೀ ಟೀಮ್‌ನ ಇನ್‌ಬಾಕ್ಸ್‌ಗೆ ನುಗ್ಗುತ್ತೆ. ಯಾವ ಘಟನೆಗೆ ಯಾರಿಗೆ ಮೇಲ್ ಹೋಗಬೇಕು ಅನ್ನೋ ನೋಟಿಫಿಕೇಶನ್ ಸ್ಕೀಮ್ ಇರೋದು ಅಡ್ಮಿನ್ ಕೈಯಲ್ಲಿ. ಅವರ ಜೊತೆ ಕೂತು ಅದನ್ನೂ ಒಮ್ಮೆ ನೋಡಿ.